ಟೆಂಡರ್ ಶ್ಯೂರ್ ರಸ್ತೆಗಳ ವಿಮರ್ಶೆ: ಕಟ್ಟಿದ್ದು ಚೆನ್ನಾಗಿದೆ, ಕಾಯುವವರು ಬೇಕು

ಬೆಂಗಳೂರಿನ ನಡುಭಾಗದಲ್ಲಿ ಟೆಂಡರ್ ಶ್ಯೂರ್ ಮಾದರಿಯಲ್ಲಿ, ಅಂದರೆ ರಸ್ತೆ, ಫುಟ್‌ಪಾತ್, ಚರಂಡಿ, ಕೇಬಲ್ ಎಲ್ಲವನ್ನೂ ಒಂದೇ ಟೆಂಡರಿನಲ್ಲಿ ಕಟ್ಟುವ ಮಾದರಿಯಲ್ಲಿ, ಮೊದಲು ಕೈಗೆತ್ತಿಕೊಂಡದ್ದು ಏಳು ರಸ್ತೆಗಳನ್ನು: ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ರಿಚ್ಮಂಡ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ಮ್ಯೂಸಿಯಂ ರಸ್ತೆ, ಕಮಿಸರಿಯೇಟ್ ರಸ್ತೆ, ವಿಠಲ್ ಮಲ್ಯ ರಸ್ತೆ. ಆಮೇಲೆ 2018ರಲ್ಲಿ ಚರ್ಚ್ ಸ್ಟ್ರೀಟ್ ತೆರೆದುಕೊಂಡಿತು. ಸ್ಮಾರ್ಟ್ ಸಿಟಿ ಹಣದಲ್ಲಿ ಇನ್ಫೆಂಟ್ರಿ ರಸ್ತೆ, ಕಮರ್ಷಿಯಲ್ ಸ್ಟ್ರೀಟ್‌ನಂಥ ಇನ್ನಷ್ಟು ರಸ್ತೆಗಳು ಇದೇ ಹಾದಿ ಹಿಡಿದವು. ಈಗ ಹೊರವಲಯದ ಬಡಾವಣೆಗಳಲ್ಲೂ "ನಮಗೂ ಟೆಂಡರ್ ಶ್ಯೂರ್ ರಸ್ತೆ ಬೇಕು" ಎಂಬ ಬೇಡಿಕೆ ಎದ್ದಿದೆ. ಬೇಡಿಕೆ ಇಡುವ ಮುಂಚೆ ಈ ರಸ್ತೆಯಲ್ಲಿ ಏನೇನಿದೆ, ಯಾವ ಭಾಗ ಬಾಳಿದೆ, ಯಾವುದು ಕೆಟ್ಟಿದೆ, ಯಾಕೆ ಕೆಟ್ಟಿದೆ ಎಂದು ತಿಳಿದಿರಬೇಕು.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಈ ರಸ್ತೆಗಳ ನಕ್ಷೆ ಬಹಳ ಒಳ್ಳೆಯದು. ನೆಲದಡಿಯ ಕೆಲಸ ಅದಕ್ಕಿಂತಲೂ ಮುಖ್ಯವಾದದ್ದು, ಆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಗರಾಡಳಿತ ಕಟ್ಟುವುದಕ್ಕೆ ಟೆಂಡರ್ ಕರೆಯಿತು, ಕಟ್ಟಿದ್ದನ್ನು ನೋಡಿಕೊಳ್ಳುವುದಕ್ಕೆ ಕರೆಯಲಿಲ್ಲ. ಈ ರಸ್ತೆಗಳಲ್ಲಿ ಇವತ್ತು ಕಾಣುವ ಹೆಚ್ಚಿನ ದೋಷಗಳು ಅಲ್ಲಿಂದಲೇ ಹುಟ್ಟಿದವು.

ನಗರಾಡಳಿತ ಸುಧಾರಣೆಗೆ ದುಡಿಯುವ ಸ್ವಯಂಸೇವಾ ಸಂಸ್ಥೆ ಜನಾಗ್ರಹದ ಬಳಗಕ್ಕೆ ಸೇರಿದ ಜನ ಅರ್ಬನ್ ಸ್ಪೇಸ್ ಸಂಸ್ಥೆ ನಗರದ ರಸ್ತೆ ಕಾಮಗಾರಿಗೆಂದು ಬರೆದ ನಿರ್ದಿಷ್ಟತೆಗಳ ಕಟ್ಟೇ ಟೆಂಡರ್ ಶ್ಯೂರ್. ಅದಕ್ಕೂ ಮುಂಚೆ ರಸ್ತೆ ಟೆಂಡರ್ ಅಂದರೆ ಇಷ್ಟು ಚದರ ಮೀಟರ್ ಡಾಂಬರು, ಇಷ್ಟು ಘನ ಮೀಟರ್ ಜಲ್ಲಿ ಎಂಬ ಅಂದಾಜುಪಟ್ಟಿ. ಚರಂಡಿ ಇನ್ನೊಂದು ಟೆಂಡರ್, ಫುಟ್‌ಪಾತ್ ಮತ್ತೊಂದು. ನೀರಿನ ಕೊಳವೆ ಜಲಮಂಡಳಿಯದು, ಕೇಬಲ್ ಬೆಸ್ಕಾಂನದು, ಇಂಟರ್ನೆಟ್ ತಂತಿ ಯಾರ್ಯಾರದೋ. ಟೆಂಡರ್ ಶ್ಯೂರ್ ಇದೆಲ್ಲವನ್ನೂ ಒಂದೇ ನಕ್ಷೆಗೆ, ಒಂದೇ ಟೆಂಡರಿಗೆ, ಒಬ್ಬ ಗುತ್ತಿಗೆದಾರನ ಹೊಣೆಗೆ ತಂದಿತು. ಆಡಳಿತ ತೆಗೆದುಕೊಂಡ ನಿಜವಾದ ದೊಡ್ಡ ನಿರ್ಧಾರ ಇದು. ಕಲ್ಲು, ದೀಪ, ಬೆಂಚುಗಳೆಲ್ಲ ಆಮೇಲೆ ಬಂದವು.

ಮೊದಲು ವಾಹನ ಓಡುವ ಭಾಗ. ಹಳೆಯ ರಸ್ತೆಗಳಲ್ಲಿ ಒಂದು ಕಡೆ ನಾಲ್ಕು ಸಾಲು ವಾಹನ ಹಿಡಿಸುವ ಅಗಲ, ಐವತ್ತು ಮೀಟರ್ ಮುಂದೆ ಹೋದರೆ ಎರಡೂವರೆ ಸಾಲು. ಅಗಲವಾದ ಜಾಗದಲ್ಲಿ ಹರಡಿಕೊಂಡ ವಾಹನಗಳು ಕಿರಿದಾದ ಜಾಗದಲ್ಲಿ ಒಂದರ ಮೇಲೊಂದು ಬೀಳುತ್ತವೆ. ರಸ್ತೆ ಎಷ್ಟು ವಾಹನ ಸಾಗಿಸುತ್ತದೆ ಎಂಬುದನ್ನು ತೀರ್ಮಾನಿಸುವುದು ಅದರ ಅತ್ಯಂತ ಕಿರಿದಾದ ಜಾಗ. ಹಾಗಾಗಿ ಈ ಮಾದರಿಯಲ್ಲಿ ರಸ್ತೆಯ ಉದ್ದಕ್ಕೂ ಲೇನುಗಳ ಸಂಖ್ಯೆ ಒಂದೇ ಇರುತ್ತದೆ, ಉಳಿದ ಜಾಗವೆಲ್ಲ ಫುಟ್‌ಪಾತಿಗೆ ಹೋಗುತ್ತದೆ. "ರಸ್ತೆ ಕಿರಿದು ಮಾಡಿದರು, ಟ್ರಾಫಿಕ್ ಜಾಮ್ ಆಯಿತು" ಎಂಬ ದೂರು ಆಗ ಜೋರಾಗಿಯೇ ಕೇಳಿಬಂತು. ಅಗಲ ಕಡಿಮೆಯಾದದ್ದು ನಿಜ. ಆದರೆ ಹೋದದ್ದು ಬಹುಪಾಲು ಅಡ್ಡಾದಿಡ್ಡಿ ನಿಲುಗಡೆಗೆ ಬಳಕೆಯಾಗುತ್ತಿದ್ದ ಅಂಚು, ಅಲ್ಲಿ ವಾಹನವೇನೂ ಓಡುತ್ತಿರಲಿಲ್ಲ. ದೂರಿನಲ್ಲಿ ಹುರುಳಿರುವ ಭಾಗ ಬೇರೆ ಇದೆ. ಕೆಟ್ಟು ನಿಂತ ಬಸ್ಸು, ಸಾಮಾನು ಇಳಿಸುವ ಟೆಂಪೊ, ಗಿರಾಕಿಗೆ ಕಾಯುವ ಆಟೊ – ಇವಕ್ಕೆ ಪಕ್ಕದಲ್ಲಿ ಗೂಡು ಮಾಡಿಕೊಡದ ಕಡೆ ಒಂದೇ ವಾಹನ ಪೂರ್ತಿ ಲೇನನ್ನು ನುಂಗುತ್ತದೆ. ನಕ್ಷೆ ನೋಡುವಾಗ ಬಸ್ ಗೂಡು, ಆಟೊ ಗೂಡು, ಸಾಮಾನು ಇಳಿಸುವ ಗೂಡು ಎಲ್ಲೆಲ್ಲಿವೆ ಎಂದು ಎಣಿಸಿ. ಒಂದೂ ಇಲ್ಲದಿದ್ದರೆ ಆ ನಕ್ಷೆಗೆ ಒಪ್ಪಿಗೆ ಕೊಡಬೇಡಿ.

ಫುಟ್‌ಪಾತಿನ ವಿಷಯದಲ್ಲಿ ಈ ರಸ್ತೆಗಳಿಗೆ ಒಳ್ಳೆಯ ಅಂಕ ಕೊಡಬೇಕು. ಪಾದಚಾರಿ ಸೌಕರ್ಯದ ಬಗ್ಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ, ಅಂದರೆ ಐಆರ್‌ಸಿ 103, ಫುಟ್‌ಪಾತನ್ನು ಮೂರು ಪಟ್ಟಿಯಾಗಿ ನೋಡು ಅನ್ನುತ್ತದೆ. ಕಟ್ಟಡದ ಗೋಡೆಗೆ ಅಂಟಿದ ಪಟ್ಟಿ, ನಡುವೆ ಅಡೆತಡೆಯಿಲ್ಲದೆ ನಡೆಯುವ ಪಟ್ಟಿ, ರಸ್ತೆ ಅಂಚಿಗೆ ಮರ, ಕಂಬ, ಬೆಂಚು, ಕಸದ ಬುಟ್ಟಿ ನಿಲ್ಲುವ ಪಟ್ಟಿ. ನಡುವಿನ ಪಟ್ಟಿ ಕನಿಷ್ಠ 1.8 ಮೀಟರ್ ಇರಬೇಕು. ಅಂಗಡಿ ಬೀದಿಯಾದರೆ 2.5 ಮೀಟರ್. ಅದರ ಮೇಲೆ 2.2 ಮೀಟರ್ ಎತ್ತರದವರೆಗೆ ಬೋರ್ಡು, ಕೊಂಬೆ, ತಂತಿ ಯಾವುದೂ ಅಡ್ಡ ಬರಬಾರದು. ಗಮನಿಸಿ, 1.8 ಮೀಟರ್ ಅಂದರೆ ಗೋಡೆಯಿಂದ ಫುಟ್‌ಪಾತಿನ ಅಂಚಿನ ಕರ್ಬ್ ಕಲ್ಲಿನವರೆಗಿನ ಅಳತೆ ಅಲ್ಲ. ಮಧ್ಯೆ ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಪಕ್ಕದಲ್ಲಿ ಉಳಿಯುವ ಜಾಗವನ್ನು ಅಳೆಯಬೇಕು. ಇಂಜಿನಿಯರುಗಳು ಕಡತದಲ್ಲಿ ಬರೆಯುವುದು ಹೆಚ್ಚಾಗಿ ಮೊದಲನೆಯ ಅಳತೆ, ನಡೆಯುವವರಿಗೆ ಸಿಗುವುದು ಎರಡನೆಯದು.

ಎತ್ತರ ಇನ್ನೊಂದು ವಿಷಯ. ಕರ್ಬ್ 150 ಮಿಲಿಮೀಟರ್ ಮೀರಬಾರದು. ನಮ್ಮ ಹಳೆಯ ಫುಟ್‌ಪಾತುಗಳು ಒಂದಡಿ ಎತ್ತರ ಇದ್ದದ್ದಕ್ಕೆ ಕಾರಣ, ಅವು ನಿಜದಲ್ಲಿ ಚರಂಡಿಯ ಮುಚ್ಚಳಗಳು. ಒಂದಡಿ ಹತ್ತಿ ಇಳಿಯುವ ಫುಟ್‌ಪಾತಿಗಿಂತ ರಸ್ತೆಯಲ್ಲೇ ನಡೆಯುವುದು ಲೇಸು ಎಂದು ವಯಸ್ಸಾದವರು ಕೆಳಗಿಳಿಯುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಟೆಂಡರ್ ಶ್ಯೂರ್ ಚರಂಡಿಯನ್ನು ಕೊಳವೆಯಾಗಿ ನೆಲದಡಿಗೆ ಇಳಿಸಿದ್ದರಿಂದ ಫುಟ್‌ಪಾತ್ ತಗ್ಗಿತು. ಇದೊಂದೇ ಬದಲಾವಣೆಯಿಂದ ಎಷ್ಟೋ ಜನ ಮತ್ತೆ ಫುಟ್‌ಪಾತ್ ಮೇಲೆ ನಡೆಯುವಂತಾಯಿತು.

ಗೇಟುಗಳ ಮುಂದೆ ಏನಾಗುತ್ತದೆ ನೋಡಿ. ಒಳ್ಳೆಯ ರಸ್ತೆಯನ್ನು ಗುರುತಿಸುವುದು ಇಲ್ಲಿಯೇ. ಕಾರು ಒಳಗೆ ಹೋಗಬೇಕಾದ ಪ್ರತಿ ಗೇಟಿನ ಬಳಿ ಫುಟ್‌ಪಾತನ್ನು ರಸ್ತೆ ಮಟ್ಟಕ್ಕೆ ಇಳಿಸಿ ಮತ್ತೆ ಏರಿಸಿದರೆ, ನೂರು ಮೀಟರಿನಲ್ಲಿ ಹತ್ತು ಸಲ ಹತ್ತಿ ಇಳಿಯಬೇಕಾಗುತ್ತದೆ. ಸರಿಯಾದ ಕ್ರಮದಲ್ಲಿ ಫುಟ್‌ಪಾತ್ ತನ್ನ ಮಟ್ಟದಲ್ಲೇ ಸಾಗುತ್ತದೆ, ಕಾರು ಹತ್ತಿ ದಾಟುತ್ತದೆ. ಲೆಕ್ಕ ಸರಳ. ಗಾಲಿಕುರ್ಚಿಗೆ 12ಕ್ಕೆ 1ರ ಇಳಿಜಾರು ಬೇಕು, ಅಂದರೆ 150 ಮಿಲಿಮೀಟರ್ ಏರಲು 1.8 ಮೀಟರ್ ಉದ್ದ. ಕಾರಿಗೆ ಅಷ್ಟು ಸೌಮ್ಯವಾದ ಇಳಿಜಾರು ಬೇಕಿಲ್ಲ, 6ಕ್ಕೆ 1 ಇದ್ದರೂ ಹತ್ತುತ್ತದೆ, 900 ಮಿಲಿಮೀಟರ್ ಸಾಕು. ಆ 900 ಮಿಲಿಮೀಟರ್ ಕಂಬ ಮತ್ತು ಮರಗಳ ಪಟ್ಟಿಯಲ್ಲೇ ಅಡಗುತ್ತದೆ, ನಡೆಯುವ ಪಟ್ಟಿಗೆ ಧಕ್ಕೆಯಾಗುವುದಿಲ್ಲ. ಮೊದಲ ಹಂತದ ರಸ್ತೆಗಳಲ್ಲಿ ಇದನ್ನು ಬಹುಮಟ್ಟಿಗೆ ಸರಿಯಾಗಿ ಮಾಡಿದ್ದಾರೆ. ಇದರ ನಕಲು ಮಾಡಿದ ವಾರ್ಡ್ ಮಟ್ಟದ ಕಾಮಗಾರಿಗಳಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ.

ಬೈಕುಗಳು ಹತ್ತದಂತೆ ನೆಟ್ಟ ಬೊಲ್ಲಾರ್ಡ್ ಗೂಟಗಳ ಬಗ್ಗೆ ಮಿಶ್ರ ಅಭಿಪ್ರಾಯವಿದೆ. ಗಾಲಿಕುರ್ಚಿ ಹೋಗಲು ಎರಡು ಗೂಟಗಳ ನಡುವೆ 1.2 ಮೀಟರ್ ಬೇಕು, ಅಷ್ಟು ಬಿಟ್ಟರೆ ಸ್ಕೂಟರೂ ನುಗ್ಗುತ್ತದೆ. ಇದಕ್ಕೆ ಗೂಟದಲ್ಲಿ ಪರಿಹಾರವಿಲ್ಲ, ಸಂಚಾರ ಪೊಲೀಸರ ದಂಡದಲ್ಲಿ ಮಾತ್ರ ಇದೆ. ಸ್ಕೂಟರ್ ತಡೆಯಲೆಂದು ಗೂಟಗಳನ್ನು ಒತ್ತಾಗಿ ನೆಟ್ಟರೆ ಸೋಲುವುದು ಗಾಲಿಕುರ್ಚಿಯವರು. ದೃಷ್ಟಿ ಇಲ್ಲದವರಿಗೆಂದು ಹಾಕುವ 300 ಮಿಲಿಮೀಟರ್ ಅಗಲದ ಉಬ್ಬು ಟೈಲುಗಳ ಪಟ್ಟಿ ಹಲವೆಡೆ ನೇರವಾಗಿ ಕಂಬಕ್ಕೋ ಚೇಂಬರಿನ (ನೆಲದಡಿಯ ತಪಾಸಣೆ ಗುಂಡಿಯ) ಮುಚ್ಚಳಕ್ಕೋ ಹೋಗಿ ಮುಟ್ಟುತ್ತದೆ. ಉದ್ದ ಗೆರೆಯ ಟೈಲು ಅಂದರೆ ಮುಂದೆ ನಡಿ, ಚುಕ್ಕೆಯ ಟೈಲು ಅಂದರೆ ನಿಲ್ಲು. ಎರಡನ್ನೂ ಬೆರೆಸಿ ಅಂದಕ್ಕೆಂದು ಹಾಕಿದ ಪಟ್ಟಿ ಅಪಾಯಕಾರಿ. ಅದಕ್ಕಿಂತ ಪಟ್ಟಿ ಇಲ್ಲದಿರುವುದೇ ಮೇಲು.

ಇನ್ನು ನೆಲದಡಿ. ಈ ವಿಮರ್ಶೆಯಲ್ಲಿ ಒಂದೇ ಭಾಗ ಓದುವಿರಾದರೆ ಇದನ್ನು ಓದಿ.

ಬೆಂಗಳೂರಿನ ರಸ್ತೆ ಕೆಡುವುದು ಮಳೆಯಿಂದ ಎಂದು ಎಲ್ಲರೂ ಹೇಳುತ್ತಾರೆ. ಮಳೆಗಿಂತ ಹೆಚ್ಚು ಕೆಡಿಸುವುದು ಅಗೆತ. ಡಾಂಬರು ಹಾಕಿ ತಿಂಗಳಾಗಿಲ್ಲ, ಜಲಮಂಡಳಿ ಬಂದು ಅಡ್ಡಲಾಗಿ ಸೀಳುತ್ತದೆ. ಸೀಳಿದ ಗುಂಡಿಯನ್ನು ಅಗೆದ ಮಣ್ಣಿನಿಂದಲೇ ಒಂದೇ ಸಲ ತುಂಬಿ ಮೇಲೆ ಜಲ್ಲಿ ಎಳೆದುಬಿಡುತ್ತಾರೆ. ತುಂಬುವುದನ್ನು 150ರಿಂದ 200 ಮಿಲಿಮೀಟರಿನ ಪದರಗಳಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಹಾಗೆ ಮಾಡದ್ದಕ್ಕೆ ಮೊದಲ ಮಳೆಗೇ ಕುಸಿದು ರಸ್ತೆಗೆ ಅಡ್ಡಲಾಗಿ ತೋಡು ಬೀಳುತ್ತದೆ. ಟೆಂಡರ್ ಶ್ಯೂರ್ ಇದಕ್ಕೆ ಕೊಟ್ಟ ಉತ್ತರ, ಅಗೆಯುವ ಅಗತ್ಯವೇ ಬಾರದಂತೆ ಫುಟ್‌ಪಾತಿನ ಕೆಳಗೆ ಎಲ್ಲಕ್ಕೂ ಜಾಗ ಮಾಡಿಡುವುದು. ಮಳೆನೀರಿಗೆ ಸಿಮೆಂಟ್ ಕೊಳವೆ, ಒಳಚರಂಡಿಗೆ ಬೇರೆ ಕೊಳವೆ, ಕುಡಿಯುವ ನೀರಿಗೆ ಇನ್ನೊಂದು, ವಿದ್ಯುತ್ ಕೇಬಲಿಗೆ ಡಕ್ಟ್ (ಕೇಬಲ್ ತೂರಿಸುವ ಕೊಳವೆ), ಇಂಟರ್ನೆಟ್ ಕೇಬಲಿಗೆ ಪ್ರತ್ಯೇಕ ಡಕ್ಟ್, ಮುಂದೆ ಬರುವವರಿಗೆಂದು ಖಾಲಿ ಬಿಟ್ಟ ಡಕ್ಟ್. ಅಲ್ಲಲ್ಲಿ ಚೇಂಬರ್. ಹೊಸ ಕೇಬಲ್ ಬೇಕಾದರೆ ಚೇಂಬರ್ ಮುಚ್ಚಳ ತೆಗೆದು ಎಳೆದುಕೊಂಡು ಹೋಗಬಹುದು.

ಕಾಗದದಲ್ಲಿ ಇದಕ್ಕಿಂತ ಚೆನ್ನಾದ ಏರ್ಪಾಡಿಲ್ಲ. ನೆಲದಲ್ಲಿ ಕೆಡುವುದು ನಾಲ್ಕೈದು ಕಡೆ. ಮೊದಲನೆಯದು, ಡಕ್ಟ್ ಹಾಕಿದ ಮೇಲೆ ಬಾಯಿಗೆ ಮುಚ್ಚಳ ಹಾಕದೆ ಬಿಡುವುದು. ಕಾಮಗಾರಿ ನಡೆಯುವಾಗಲೇ ಕಾಂಕ್ರೀಟ್ ಹಾಲು, ಎಂ-ಸ್ಯಾಂಡ್, ಇಲಿ ಎಲ್ಲ ಒಳಗೆ ಸೇರಿ ಕೊಳವೆ ಕಟ್ಟಿಕೊಳ್ಳುತ್ತದೆ. ಎರಡನೆಯದು, ಒಳಗೆ ಎಳೆಹಗ್ಗ ಬಿಡದಿರುವುದು. ಹಗ್ಗವಿಲ್ಲದ ಡಕ್ಟಿನಲ್ಲಿ ಕೇಬಲ್ ತೂರಿಸುವುದು ಕಷ್ಟ, ಕಂಪನಿಯವರು ಸುಲಭದ ದಾರಿ ಹಿಡಿದು ಮರಕ್ಕೆ ಕಟ್ಟಿ ಎಳೆಯುತ್ತಾರೆ. ನೆಲದಡಿ ಡಕ್ಟ್ ಖಾಲಿ ಇದ್ದು ತಲೆಯ ಮೇಲೆ ಕಪ್ಪು ಕೇಬಲಿನ ಗೊಂಚಲು ತೂಗುತ್ತಿರುವ ರಸ್ತೆ ಕಂಡರೆ ಕಾರಣ ಹೆಚ್ಚಾಗಿ ಇದೇ, ಇಲ್ಲವೇ ಡಕ್ಟಿನ ಬಾಡಿಗೆ ಎಷ್ಟು ಎಂದು ಆಡಳಿತ ತೀರ್ಮಾನಿಸಿಲ್ಲ. ಮೂರನೆಯದು ಮನೆ ಸಂಪರ್ಕ. ಮುಖ್ಯ ಕೊಳವೆ ಎಷ್ಟೇ ಚೆನ್ನಾಗಿದ್ದರೂ ಪ್ರತಿ ಸೈಟಿಗೂ ನೀರು ಮತ್ತು ಒಳಚರಂಡಿಯ ಮೊಳಕೆ ಸಂಪರ್ಕ ಕಾಂಪೌಂಡಿನವರೆಗೆ ಹಾಕಿಡದಿದ್ದರೆ, ಖಾಲಿ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಏಳುವ ದಿನ ಫುಟ್‌ಪಾತ್ ಒಡೆಯುವುದು ಖಂಡಿತ. ಹಳೇ ಬಂಗಲೆಗೆ ಸಾಕಾಗುವ ಕೊಳವೆ ಇಪ್ಪತ್ತು ಮನೆಯ ಕಟ್ಟಡಕ್ಕೆ ಸಾಲದು ಎಂಬುದನ್ನೂ ಅಂದಾಜುಪಟ್ಟಿ ಬರೆಯುವಾಗಲೇ ನೋಡಬೇಕು.

ನಾಲ್ಕನೆಯದು ಆರೋಗ್ಯದ ವಿಷಯ. ಕುಡಿಯುವ ನೀರಿನ ಕೊಳವೆಗೂ ಒಳಚರಂಡಿಗೂ ಅಡ್ಡಲಾಗಿ 3 ಮೀಟರ್ ಅಂತರ ಇರಬೇಕು ಎಂಬುದು ಕೇಂದ್ರದ ಕೈಪಿಡಿಯ ಮಾತು. ಕಿರಿದಾದ ರಸ್ತೆಯಲ್ಲಿ ಅದು ಸಾಧ್ಯವಾಗದಿದ್ದರೆ ನೀರಿನ ಕೊಳವೆ ಒಳಚರಂಡಿಗಿಂತ ಕನಿಷ್ಠ ಅರ್ಧ ಮೀಟರ್ ಮೇಲಿರಬೇಕು. ಬೆಂಗಳೂರಿನಂತೆ ದಿನ ಬಿಟ್ಟು ದಿನ ನೀರು ಬಿಡುವ ಊರಿನಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ನೀರು ನಿಂತಾಗ ಕೊಳವೆಯ ಒಳಗೆ ಒತ್ತಡ ಇಳಿದು, ಬಿರುಕಿದ್ದರೆ ಸುತ್ತಲಿನ ಕೊಳಕನ್ನು ಒಳಗೆಳೆದುಕೊಳ್ಳುತ್ತದೆ. ಐದನೆಯದಾಗಿ, ಮಳೆನೀರಿನ ಕೊಳವೆಗೆ ಹೋಟೆಲಿನವರೋ ಮನೆಯವರೋ ಕದ್ದು ಒಳಚರಂಡಿ ಜೋಡಿಸುವುದು. ಬೇಸಿಗೆಯಲ್ಲಿ, ಮಳೆಯೇ ಇಲ್ಲದ ದಿನ, ರಸ್ತೆಯಂಚಿನ ಜಾಲರಿಯಿಂದ ನಾತ ಬಂದರೆ ಅದೇ ಸಾಕ್ಷಿ. ಜಾಲರಿಯ ಪಟ್ಟಿಗಳು ವಾಹನ ಸಾಗುವ ದಿಕ್ಕಿಗೆ ಅಡ್ಡಲಾಗಿರಬೇಕು, ಉದ್ದಕ್ಕಿದ್ದರೆ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತದೆ. ಸಣ್ಣ ವಿಷಯ, ಆದರೆ ಕೈಕಾಲು ಮುರಿಯುವಂಥದ್ದು.

ಅಗೆಯಲು ಬರುವ ಎಲ್ಲ ಇಲಾಖೆಗಳೂ ಒಂದೇ ಕಡೆ ಅರ್ಜಿ ಹಾಕಿ ಅನುಮತಿ ಪಡೆಯಲೆಂದು ಪಾಲಿಕೆ ಮಾರ್ಕ್ಸ್ ಎಂಬ ಆನ್‌ಲೈನ್ ವ್ಯವಸ್ಥೆ ಮಾಡಿದೆ. ಒಳ್ಳೆಯ ಏರ್ಪಾಡು. ತುರ್ತು ದುರಸ್ತಿ ಎಂಬ ಹೆಸರಿನಲ್ಲಿ ಅದರಿಂದ ನುಣುಚಿಕೊಳ್ಳುವ ದಾರಿಯೂ ಇದೆ. ಯಾರಾದರೂ ಅಗೆಯುತ್ತಿದ್ದರೆ ಅನುಮತಿ ಪತ್ರ ತೋರಿಸಿ ಎಂದು ಕೇಳುವುದು ನಿವಾಸಿಗಳ ಹಕ್ಕು. ಅದರಲ್ಲಿ ಎಷ್ಟು ಉದ್ದ, ಯಾವ ದಿನಾಂಕದೊಳಗೆ ಮುಚ್ಚಬೇಕು ಎಂದು ಬರೆದಿರುತ್ತದೆ.

ಕಲ್ಲಿನ ವಿಚಾರಕ್ಕೆ ಬರೋಣ, ಅಂದರೆ ಚರ್ಚ್ ಸ್ಟ್ರೀಟಿಗೆ. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗಿನ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಈ ಬೀದಿಯನ್ನು 2017ರಲ್ಲಿ ಅಗೆದು, ಗೋಡೆಯಿಂದ ಗೋಡೆಗೆ ಕಲ್ಲು ಹಾಸಿ, 2018ರ ಮಾರ್ಚ್ ಹೊತ್ತಿಗೆ ತೆರೆದರು. ಪುಸ್ತಕದಂಗಡಿ, ಹೋಟೆಲು, ಕಾಫಿ ಅಂಗಡಿಗಳ ಬೀದಿ ಇದು, ಜನ ಬರುವುದೇ ಅಡ್ಡಾಡುವುದಕ್ಕೆ. ಡಾಂಬರಿಗಿಂತ ಕಲ್ಲು ಇಲ್ಲಿ ಒಪ್ಪುತ್ತದೆ. ಗರಗರ ಸದ್ದಿಗೆ ವಾಹನದ ವೇಗ ತಾನಾಗಿ ಇಳಿಯುತ್ತದೆ. ಸಂಜೆಯ ಹೊತ್ತು ಅಲ್ಲಿ ನಿಲ್ಲುವ, ಕೂರುವ, ಹಾಡುವ ಜನರನ್ನು ನೋಡಿದರೆ ಬೀದಿಯ ಉದ್ದೇಶ ನೆರವೇರಿದೆ ಎಂದು ಒಪ್ಪಬೇಕು.

ಆದರೂ ಕಲ್ಲುಗಳು ಕಿತ್ತುಬಂದವು, ಕೆಲವು ಕಡೆ ತಗ್ಗಾದವು. ಕಲ್ಲು ಗ್ರಾನೈಟು, ಅದಕ್ಕೇನೂ ಆಗುವುದಿಲ್ಲ. ಕೆಡುವುದು ಕಲ್ಲಿನ ಕೆಳಗಿನ ಹಾಸು ಮತ್ತು ಕಲ್ಲುಗಳ ನಡುವಿನ ಸಂದು. ಸಂದಿನ ಮರಳು ಅಥವಾ ಗಾರೆ ಒಮ್ಮೆ ಹೋಯಿತೆಂದರೆ ಮಳೆನೀರು ಇಳಿದು ಕೆಳಗಿನ ಮರಳನ್ನು ಕೊಚ್ಚುತ್ತದೆ. ಕಲ್ಲು ಅಲುಗಾಡತೊಡಗುತ್ತದೆ, ಅಲುಗಿದ ಕಲ್ಲು ಪಕ್ಕದ ಕಲ್ಲನ್ನು ಸಡಿಲಿಸುತ್ತದೆ. ವಾಹನ ನೇರವಾಗಿ ಹೋಗುವ ಕಡೆ ಕಲ್ಲು ಬಾಳುತ್ತದೆ. ತಿರುಗುವ, ಬ್ರೇಕ್ ಹಾಕುವ ಕಡೆ ಚಕ್ರ ಕಲ್ಲನ್ನು ಪಕ್ಕಕ್ಕೆ ತಿರುಚುತ್ತದೆ, ಹಾಗಾಗಿ ಮೂಲೆಗಳಲ್ಲಿ, ಪಾರ್ಕಿಂಗ್ ಬಾಗಿಲುಗಳ ಮುಂದೆ ಮೊದಲು ಏಳುತ್ತದೆ. ಚೇಂಬರ್ ಮುಚ್ಚಳದ ಸುತ್ತಲಿನ ಕಲ್ಲೂ ಬೇಗ ಹೋಗುತ್ತದೆ. ಚೌಕ ಕಲ್ಲನ್ನು ದುಂಡು ಮುಚ್ಚಳಕ್ಕೆ ಹೊಂದಿಸಲು ಒಡೆದ ಚೂರುಗಳನ್ನು ತುಂಬಿರುತ್ತಾರೆ, ಚೂರಿಗೆ ಹಿಡಿತವಿಲ್ಲ. ಚೌಕ ಚೌಕಟ್ಟಿನ ಮುಚ್ಚಳ ಹಾಕಿ ಸುತ್ತ ಕಾಂಕ್ರೀಟ್ ಪಟ್ಟಿ ಕೊಟ್ಟರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ. ಇನ್ನೊಂದು ಕಾರಣ ಅವಸರ. ಕಾಂಕ್ರೀಟ್ ಹಾಸಿನ ಮೇಲೆ ಕೂರಿಸಿದ ಕಲ್ಲಿಗೆ ಪೂರ್ತಿ ಬಲ ಬರಲು 28 ದಿನ ಬೇಕು. ಅಂಗಡಿಯವರ ಒತ್ತಡ, ಉದ್ಘಾಟನೆಯ ದಿನಾಂಕ ಎರಡೂ ಸೇರಿ ಮುಂಚೆಯೇ ವಾಹನ ಬಿಟ್ಟರೆ ಹಾಸು ಎಳೆಯದಾಗಿರುವಾಗಲೇ ಒಡೆಯುತ್ತದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿಯೂ ಕಾಮಗಾರಿ ಮುಗಿದು ಹೆಚ್ಚು ಕಾಲವಾಗುವ ಮುನ್ನವೇ ಕಲ್ಲು ತೆಗೆದು ಮತ್ತೆ ಹಾಸಬೇಕಾಯಿತು.

ಬಡಾವಣೆಗಳಲ್ಲಿ ಗ್ರಾನೈಟಿನ ಬದಲು ಹಾಕುವುದು ಸಿಮೆಂಟಿನ ಇಂಟರ್‌ಲಾಕ್ ಕಲ್ಲು. ಅಲ್ಲಿ ದಪ್ಪವೇ ಎಲ್ಲ. ಬರೀ ಕಾಲ್ನಡಿಗೆಗೆ 60 ಮಿಲಿಮೀಟರ್ ಸಾಕು, ಕಾರು ದಾಟುವ ಗೇಟಿನ ಮುಂದೆ 80 ಬೇಕು, ಲಾರಿ ಬರುವ ಕಡೆ 100. ಅಂದಾಜುಪಟ್ಟಿಯಲ್ಲಿ 80 ಎಂದು ಬರೆದು ನೆಲದಲ್ಲಿ 60 ಹಾಸುವುದು ಎಲ್ಲರಿಗೂ ಗೊತ್ತಿರುವ ಚಾಳಿ. ಅಂಚಿನ ಒಂದು ಕಲ್ಲಿಗೆ ಟೇಪು ಹಿಡಿದರೆ ಸಾಕು, ಗೊತ್ತಾಗುತ್ತದೆ. ಕೆಳಗಿನ ಮರಳು ಹಾಸು 30 ಮಿಲಿಮೀಟರ್ ಸುತ್ತಮುತ್ತ ಇರಬೇಕು. ನೆಲದ ಏರುತಗ್ಗು ಮುಚ್ಚಲು ನಾಲ್ಕು ಇಂಚು ಮರಳು ಸುರಿದಿದ್ದರೆ ಆರು ತಿಂಗಳಲ್ಲಿ ಅಲೆಯಲೆಯಾಗಿ ಕುಸಿಯುತ್ತದೆ. ಎರಡೂ ಅಂಚಿಗೆ ಕರ್ಬ್ ಇಲ್ಲದೆ ಇಂಟರ್‌ಲಾಕ್ ನಿಲ್ಲುವುದೇ ಇಲ್ಲ, ಪಟ್ಟಿ ಕಿತ್ತ ಪೀಪಾಯಿಯ ಹಲಗೆಗಳಂತೆ ಒಂದೊಂದಾಗಿ ಹೊರಕ್ಕೆ ಜಾರುತ್ತದೆ. ನೀರು ಹರಿಯಲು ಫುಟ್‌ಪಾತಿಗೆ 50ಕ್ಕೆ 1ರ ಇಳಿಜಾರು, ಅಂದರೆ ಮೀಟರಿಗೆ 20 ಮಿಲಿಮೀಟರ್, ರಸ್ತೆಯ ಕಡೆಗೆ.

ಮರಗಳ ಬುಡಕ್ಕೆ ಸುತ್ತ ಒಂದು ಮೀಟರ್ ಮಣ್ಣು ಬಿಡಬೇಕು. ಬಿಡದಿದ್ದರೆ ಬೇರು ಮೇಲೆದ್ದು ಕಲ್ಲನ್ನು ಎತ್ತುತ್ತದೆ, ಇಲ್ಲವೇ ಬೇರು ಕಡಿದ ಮರ ಮುಂಗಾರಿನ ಗಾಳಿಗೆ ಉರುಳುತ್ತದೆ. ಡಕ್ಟಿಗೆಂದು ಮರದ ಒಂದು ಮಗ್ಗುಲಿನ ಬೇರುಗಳನ್ನೆಲ್ಲ ಜೆಸಿಬಿ ಕತ್ತರಿಸಿದ ಕಡೆ ಈ ಅಪಾಯ ಹೆಚ್ಚು. ಮರದ ಹತ್ತಿರ ಯಂತ್ರ ಬಿಟ್ಟು ಕೈಯಿಂದ ಅಗೆಯಬೇಕೆಂಬ ಷರತ್ತು ಟೆಂಡರಿನಲ್ಲೇ ಇರಬೇಕು.

ಬೀದಿಯನ್ನು ಬಳಸುವ ಬಗೆಯಲ್ಲಿ ಆಡಳಿತ ತೆಗೆದುಕೊಂಡ ಧೈರ್ಯದ ನಿರ್ಧಾರವೊಂದಿದೆ. 2020ರ ನವೆಂಬರಿನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟಿನಲ್ಲಿ ವಾರಾಂತ್ಯಕ್ಕೆ ಮೋಟಾರು ವಾಹನ ನಿಲ್ಲಿಸಿ, ನಡೆಯುವವರಿಗೆ ಮಾತ್ರ ಬಿಟ್ಟರು. ನಗರ ಭೂಸಾರಿಗೆ ನಿರ್ದೇಶನಾಲಯ ಮುಂದೆ ನಿಂತು ಮಾಡಿಸಿದ ಈ ಪ್ರಯೋಗದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಗಾಳಿಯ ಗುಣಮಟ್ಟ ಅಳೆದರು. ಜನ ಬಂದರು, ಗಾಳಿ ಸುಧಾರಿಸಿತು. ಪ್ರಯೋಗ ಮುಗಿದ ಮೇಲೆ ವಾಹನಗಳು ವಾಪಸ್ ಬಂದವು. ವ್ಯಾಪಾರಿಗಳಲ್ಲಿ ಕೆಲವರಿಗೆ ಪಾರ್ಕಿಂಗ್ ಹೋದರೆ ಗಿರಾಕಿ ಹೋಗುತ್ತಾನೆ ಎಂಬ ಆತಂಕ. ಆ ಆತಂಕಕ್ಕೆ ಗೌರವ ಕೊಟ್ಟೇ ಉತ್ತರ ಹುಡುಕಬೇಕು: ಬೆಳಗಿನ ಹೊತ್ತು ಸಾಮಾನು ಇಳಿಸಲು ಸಮಯ ನಿಗದಿ, ಅಲ್ಲಿನ ನಿವಾಸಿಗಳಿಗೆ ಮತ್ತು ಆಂಬುಲೆನ್ಸಿಗೆ ದಾರಿ, ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣದಿಂದ ನಡೆದು ಬರುವವರಿಗೆ ಸರಿಯಾದ ದಾಟು. ಮೆಟ್ರೊ ಇಷ್ಟು ಹತ್ತಿರವಿರುವ ಬೀದಿಗೆ ವಾರಾಂತ್ಯದಲ್ಲಾದರೂ ಕಾರಿನ ಅಗತ್ಯವಿಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ.

ತಳ್ಳುಗಾಡಿಯವರನ್ನು ಈ ನಕ್ಷೆಗಳು ಮರೆತಿವೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಕೂತು ವ್ಯಾಪಾರದ ಜಾಗ ಗುರುತಿಸಬೇಕು. ನಕ್ಷೆಯಲ್ಲಿ ಬೆಂಚಿಗೆ, ಹೂಕುಂಡಕ್ಕೆ ಜಾಗ ಇದ್ದು ಎಳನೀರಿನವರಿಗೆ, ಹೂವಿನವರಿಗೆ ಇಲ್ಲವೆಂದರೆ ಅವರು ನಡೆಯುವ ಪಟ್ಟಿಯಲ್ಲೇ ನಿಲ್ಲಬೇಕಾಗುತ್ತದೆ. ಆಮೇಲೆ ಎತ್ತಂಗಡಿ, ಮತ್ತೆ ವಾಪಸ್, ಮತ್ತೆ ಎತ್ತಂಗಡಿ. ಕಂಬದ ಪಟ್ಟಿಯಲ್ಲಿ ಎರಡು ಮೀಟರಿನ ಗೂಡು ಬಿಟ್ಟಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಈ ಮಾದರಿ ನಿಮ್ಮ ಬಡಾವಣೆಗೆ ಆಗುತ್ತದೆಯೇ? ಅರವತ್ತು ಅಡಿ ರಸ್ತೆಗೆ ಧಾರಾಳವಾಗಿ ಆಗುತ್ತದೆ. ಮೂವತ್ತು ಅಡಿಯ ರಸ್ತೆ ಅಂದರೆ ಒಟ್ಟು 9.1 ಮೀಟರ್. ಎರಡೂ ಬದಿ 1.8 ಮೀಟರ್ ಫುಟ್‌ಪಾತ್ ಬಿಟ್ಟರೆ ವಾಹನಕ್ಕೆ ಉಳಿಯುವುದು 5.5 ಮೀಟರ್. ಎರಡು ಕಾರು ನಿಧಾನವಾಗಿ ಎದುರಾಗಿ ಹೋಗಬಹುದು, ಆದರೆ ಒಂದೇ ಒಂದು ಕಾರನ್ನೂ ನಿಲ್ಲಿಸುವಂತಿಲ್ಲ. ಬಡಾವಣೆಯ ಸಭೆಗಳು ಮುರಿದುಬೀಳುವುದು ಈ ಜಾಗದಲ್ಲೇ. ಫುಟ್‌ಪಾತ್ ಬೇಕು ಎಂದು ಎಲ್ಲರೂ ಕೈ ಎತ್ತುತ್ತಾರೆ, ಮನೆ ಮುಂದಿನ ಕಾರು ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಕೈ ಇಳಿಯುತ್ತದೆ. ಮೊದಲೇ ತೀರ್ಮಾನಿಸಿಕೊಳ್ಳಿ: ಏಕಮುಖ ಸಂಚಾರ ಮಾಡಿ ಒಂದು ಬದಿ ನಿಲುಗಡೆ ಕೊಡುವುದೋ, ಒಂದೇ ಬದಿಗೆ ಒಳ್ಳೆಯ ಫುಟ್‌ಪಾತ್ ಮಾಡುವುದೋ. ಎರಡೂ ಬದಿ ಅರ್ಧಂಬರ್ಧ ಮೂರಡಿಯ ಫುಟ್‌ಪಾತ್ ಮಾಡುವುದು ಮಾತ್ರ ಬೇಡ, ಅದು ಯಾರಿಗೂ ದಕ್ಕುವುದಿಲ್ಲ. ಇಪ್ಪತ್ತು ಅಡಿ ಗಲ್ಲಿಗಳಲ್ಲಿ ಫುಟ್‌ಪಾತೇ ಬೇಡ, ಗೋಡೆಯಿಂದ ಗೋಡೆಗೆ ಒಂದೇ ಮಟ್ಟದ ಹಾಸು ಮಾಡಿ ವೇಗ ತಗ್ಗಿಸಿ. ವೈಟ್ ಟಾಪಿಂಗ್ ಮಾಡುತ್ತೇವೆಂದು ಬಂದರೆ ಮೊದಲ ಪ್ರಶ್ನೆ ರಸ್ತೆಯ ಮಟ್ಟ ಎಷ್ಟು ಏರುತ್ತದೆ ಎಂದಿರಲಿ. ಹಳೆ ಡಾಂಬರಿನ ಮೇಲೆಯೇ 150ರಿಂದ 200 ಮಿಲಿಮೀಟರ್ ಕಾಂಕ್ರೀಟ್ ಹಾಕಿದರೆ ಕರ್ಬ್ ಮುಳುಗಿ ಮಳೆನೀರು ಗೇಟಿನೊಳಗೆ ಬರುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ಕೊಳವೆ ಒಡೆದರೆ ಕತ್ತರಿಸುವುದೂ ಕಷ್ಟ, ಹಾಗಾಗಿ ಹಳೆಯ ನೀರಿನ ಕೊಳವೆಗಳನ್ನು ಬದಲಿಸಿದ ಮೇಲೆಯೇ ಅದಕ್ಕೆ ಒಪ್ಪಿ.

ಯಾರನ್ನು ಕೇಳುವುದು ಎಂಬುದೇ ಬೆಂಗಳೂರಿನಲ್ಲಿ ಕಷ್ಟದ ಪ್ರಶ್ನೆಯಾಗಿದೆ. ಬಿಬಿಎಂಪಿಯ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ನಗರ ನಡೆಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರಪಾಲಿಕೆಗಳು ಬಂದವು. ಮೊದಲು ನಿಮ್ಮ ರಸ್ತೆ ಯಾವ ಪಾಲಿಕೆಗೆ, ಯಾವ ವಾರ್ಡಿಗೆ ಸೇರಿದೆ ಎಂದು ಖಚಿತ ಮಾಡಿಕೊಳ್ಳಿ. ದೊಡ್ಡ ರಸ್ತೆಗಳ ಹೊಣೆ ಬೇರೆ ವಿಭಾಗಕ್ಕಿರಬಹುದು, ವಾರ್ಡ್ ಇಂಜಿನಿಯರ್ "ನಮ್ಮದಲ್ಲ" ಎಂದರೆ ಯಾರದೆಂದು ಬರವಣಿಗೆಯಲ್ಲಿ ಕೇಳಿ. ಕಾರ್ಪೊರೇಟರ್ ಇಲ್ಲದ ಕಾಲದಲ್ಲಿ ರಸ್ತೆಯ ಬಗೆಗಿನ ತೀರ್ಮಾನಗಳನ್ನೆಲ್ಲ ಕಚೇರಿಯಲ್ಲೇ ಮಾಡುತ್ತಾರೆ. ವಾರ್ಡ್ ಸಮಿತಿಗಳಿಗೆ ಕಾನೂನಿನಲ್ಲಿ ಜಾಗವಿದೆ, ಆದರೆ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಯದ ಮಾತಿಗೆ ಬೆಲೆಯಿಲ್ಲ. ಹಾಗಾಗಿ ಸಭೆಯಲ್ಲಿ ಆಡಿದ್ದನ್ನು ಅದೇ ದಿನ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಕಾಮಗಾರಿ ಶುರುವಾಗುವ ಮುಂಚೆ ಕೇಳಬೇಕಾದದ್ದು ಮೂರು ಕಾಗದ. ಕೆಲಸದ ಅಂದಾಜುಪಟ್ಟಿ, ರಸ್ತೆಯ ಅಡ್ಡಕೊಯ್ತದ ನಕ್ಷೆ, ಎಲ್ಲ ಇಲಾಖೆಗಳ ಕೊಳವೆ ಮತ್ತು ಕೇಬಲುಗಳನ್ನು ಒಟ್ಟಿಗೆ ತೋರಿಸುವ ನಕ್ಷೆ. ಮೂರನೆಯದು ಇಲ್ಲವೆಂದರೆ ಅದು ಟೆಂಡರ್ ಶ್ಯೂರ್ ಅಲ್ಲ, ಹೆಸರು ಮಾತ್ರ ಇಟ್ಟಿದ್ದಾರೆ. ಟೆಂಡರ್ ದಾಖಲೆಗಳು ರಾಜ್ಯದ ಸಾರ್ವಜನಿಕ ಖರೀದಿ ಪೋರ್ಟಲಿನಲ್ಲಿ ಸಿಗುತ್ತವೆ. ಸಿಗದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದ ಮೀರದಂತೆ ಎಂಬ ನಿಯಮವಿದೆ. ಅದಕ್ಕೆ ರಸ್ತೆಯ ಹೆಸರು, ಕಾಮಗಾರಿ ಸಂಖ್ಯೆ, ಬೇಕಾದ ಕಾಗದ ಇಷ್ಟನ್ನೇ ಬರೆಯಿರಿ, ದೂರು ಹೇಳಿಕೊಳ್ಳಬೇಡಿ. ಅದೇ ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಇದೆ. 60ರ ಕಲ್ಲೋ 80ರ ಕಲ್ಲೋ ಎಂಬ ವಾದವನ್ನು ಇದು ಕೂಡಲೇ ಬಗೆಹರಿಸುತ್ತದೆ. ಅಳತೆ ಪುಸ್ತಕದ ಪ್ರತಿಯನ್ನೂ ಕೇಳಿ, ಬಿಲ್ ಪಾವತಿಯಾಗುವುದು ಅದರಲ್ಲಿ ಬರೆದ ಅಳತೆಗೆ.

ಕೆಲಸ ನಡೆಯುವಾಗ ಮುಚ್ಚುವ ಮುನ್ನ ಫೋಟೊ ತೆಗೆದಿಡಿ. ಕೊಳವೆ, ಡಕ್ಟ್, ಹಾಸು ಯಾವುದೂ ಆಮೇಲೆ ಕಾಣುವುದಿಲ್ಲ. ಮಣ್ಣು ಮುಚ್ಚುವ ಮುಂಚೆ ಡಕ್ಟಿನ ಒಂದು ಬಾಯಿಂದ ಇನ್ನೊಂದು ಬಾಯಿಗೆ ಹಗ್ಗ ಎಳೆದು ತೋರಿಸಲು ಹೇಳಿ. ಚರಂಡಿ ಕೊಳವೆಗೆ ಎರಡು ಬಕೆಟ್ ನೀರು ಸುರಿದು ಮುಂದಿನ ಚೇಂಬರಿನಲ್ಲಿ ಬರುತ್ತದೆಯೇ ನೋಡಿ. ಕೆಲಸ ಮುಗಿದ ಮೇಲೆ ದೋಷ ಬಂದರೆ ಪಾಲಿಕೆಯ 1533ಕ್ಕೆ, ನೀರು ಒಳಚರಂಡಿಗೆ 1916ಕ್ಕೆ, ವಿದ್ಯುತ್ತಿಗೆ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಳ್ಳೆಯ ಸ್ಥಿತಿಯಲ್ಲಿರುವ ರಸ್ತೆ ಬದುಕುವ ಹಕ್ಕಿನ ಭಾಗ ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲೇ ಹೇಳಿದೆ. ದೂರಿನ ಸಂಖ್ಯೆ ಕೈಯಲ್ಲಿದ್ದರೆ ಆ ಮಾತಿಗೆ ಬಲ ಬರುತ್ತದೆ.

ಕೊನೆಯದು ನಿರ್ವಹಣೆ. ದೋಷ ಹೊಣೆಗಾರಿಕೆ ಅವಧಿ ಅಂದರೆ ಕಾಮಗಾರಿ ಮುಗಿದ ಮೇಲೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ರಿಪೇರಿ ಮಾಡಿಕೊಡಬೇಕಾದ ಕಾಲ, ಸಾಮಾನ್ಯವಾಗಿ ಎರಡು ಮೂರು ವರ್ಷ. ಅವನ ಠೇವಣಿ ಹಣ ಅಲ್ಲಿಯವರೆಗೆ ಪಾಲಿಕೆಯ ಬಳಿ ಇರುತ್ತದೆ. ಆ ಅವಧಿ ಮುಗಿಯಲು ಮೂರು ತಿಂಗಳು ಇರುವಾಗ ರಸ್ತೆಯ ಉದ್ದಕ್ಕೂ ನಡೆದು ಸಡಿಲ ಕಲ್ಲು, ಕುಸಿದ ಚೇಂಬರ್, ಕಟ್ಟಿದ ಜಾಲರಿ ಎಲ್ಲವನ್ನೂ ಜಾಗದ ಗುರುತಿನೊಂದಿಗೆ ಪಟ್ಟಿ ಮಾಡಿ ಇಂಜಿನಿಯರಿಗೆ ಕೊಡಿ. ಠೇವಣಿ ವಾಪಸಾದ ಮೇಲೆ ಕೊಟ್ಟ ಪಟ್ಟಿಗೆ ಹೊಸ ಟೆಂಡರ್ ಬೇಕು, ಹೊಸ ಟೆಂಡರಿಗೆ ಹೊಸ ಬಜೆಟ್ ಬೇಕು. ಹೊಸದಾಗಿ ರಸ್ತೆ ಕೇಳುವವರು ಮೂಲ ಟೆಂಡರಿನಲ್ಲೇ ಐದು ವರ್ಷದ ವಾರ್ಷಿಕ ನಿರ್ವಹಣೆ ಸೇರಿಸಿ ಎಂದು ಒತ್ತಾಯಿಸಲಿ: ಮುಂಗಾರಿಗೆ ಮುನ್ನ ಎಲ್ಲ ಜಾಲರಿಗಳ ಹೂಳು ತೆಗೆಯುವುದು, ವರ್ಷಕ್ಕೊಮ್ಮೆ ಸಂದುಗಳಿಗೆ ಮರಳು ತುಂಬುವುದು, ಕಿತ್ತ ಕಲ್ಲನ್ನು ಇಂತಿಷ್ಟು ದಿನದಲ್ಲಿ ಕೂರಿಸುವುದು, ಅದಕ್ಕೆಂದು ಒಟ್ಟು ಕಲ್ಲಿನ ಶೇಕಡ ಎರಡರಷ್ಟನ್ನು ಅದೇ ಬಣ್ಣ, ಅದೇ ಅಳತೆಯಲ್ಲಿ ವಾರ್ಡ್ ಕಚೇರಿಯ ಗೋದಾಮಿನಲ್ಲಿ ಇಟ್ಟಿರುವುದು.